ಅಸಲಿ ಹಳೆಯ ಕೋವಿಯೋ, ರಿಮ್‌ಫೈರ್ ಪ್ರತಿರೂಪವೋ: ಕೊಳ್ಳುವ ಮುಂಚೆ

ಅಮೆರಿಕದಲ್ಲಿ ಥಾಮ್ಸನ್ ಸಬ್‌ಮಷಿನ್ ಗನ್ ಬೇಕೆಂದು ಹೊರಟವರ ಮುಂದೆ ಆಕಾಶ-ಭೂಮಿ ಅಂತರದ ಎರಡು ಬೆಲೆಚೀಟಿಗಳಿರುತ್ತವೆ. ಅಸಲಿ ಬೇಕೆಂದರೆ, 1986ರ ಮೇ 19ಕ್ಕೆ ಮೊದಲು ನೋಂದಣಿಯಾದ ಮಷಿನ್ ಗನ್ನುಗಳಷ್ಟೇ ಖಾಸಗಿಯವರಿಗೆ ಸಿಗುತ್ತವೆ. ಆ ಪಟ್ಟಿಗೆ ಹೊಸದು ಸೇರುವಂತಿಲ್ಲ. ಹಾಗಾಗಿ ಬೆಲೆ ಹತ್ತಾರು ಸಾವಿರ ಡಾಲರ್. ಆಕಾರ ಸಾಕು ಎಂದರೆ, ರೂಗರ್ 10/22 ಎಂಬ ಸಾಧಾರಣ .22 ರೈಫಲ್ಲಿಗೆ (ಪುಟ್ಟ ರಿಮ್‌ಫೈರ್ ತೋಟಾದ್ದು, ಅಂದರೆ ಪಿನ್ ತಳದ ಅಂಚಿಗೆ ಬಡಿದು ಸಿಡಿಸುವಂಥದ್ದು) ಥಾಮ್ಸನ್ನಿನ ಮೈ ತೊಡಿಸುವ ಕಿಟ್ ಇದೆ. ರೈಫಲ್ಲೂ ಸೇರಿ ಕೆಲವು ನೂರು ಡಾಲರಿನ ಮಾತು.

ಈ ಒಂದು ಉದಾಹರಣೆ ನೋಡಿ ಎಲ್ಲ ಹಳೆಯ ಕೋವಿಗಳೂ ಕೈಗೆಟುಕದ್ದು ಎಂದುಕೊಳ್ಳುವುದು ತಪ್ಪು. ಅಮೆರಿಕದ ಸೇನೆಯ ಎಂ1 ಗ್ಯಾರಂಡ್, ಎಂ1 ಕಾರ್ಬೈನ್, ಸ್ಪ್ರಿಂಗ್‌ಫೀಲ್ಡ್ 1903 ಇವೆಲ್ಲ ಸಾಮಾನ್ಯ ರೈಫಲ್ಲುಗಳಾಗಿಯೇ ಮಾರಾಟವಾಗುತ್ತವೆ. ಅವನ್ನು ಕೊಳ್ಳಲು ಮಷಿನ್ ಗನ್ನಿನ ತಾಪತ್ರಯ ಇಲ್ಲ. ಹಾಗಾದರೆ ಆಯ್ಕೆಯ ಪ್ರಶ್ನೆ ಬೆಲೆಯೊಂದರದೇ ಅಲ್ಲ. ನಿಮಗೆ ಬೇಕಾದದ್ದು ಗೋಡೆಯ ಮೇಲೆ ಕಾಣುವ ಆಕಾರವೇ, ವಾರಕ್ಕೆ ಮುನ್ನೂರು ಈಡು ಹೊಡೆಯುವ ಸುಖವೇ, ಅಥವಾ ಆ ಕಾಲದಲ್ಲಿ ತಯಾರಾಗಿ ಆ ಕಾಲದ ಕೈಗಳಲ್ಲಿ ಓಡಾಡಿದ ಆ ವಸ್ತುವೇ? ಮೂರನ್ನೂ ಒಂದೇ ಕೋವಿಯಿಂದ ಬಯಸುವವರೇ ಹೆಚ್ಚು ನಿರಾಶರಾಗುವುದು.

ಕಿಟ್ ಅಂದರೆ ಯಾವುದು

ಅಂಗಡಿಗಳು ಮೂರು ಬೇರೆ ಬೇರೆ ಸಾಮಾನುಗಳಿಗೆ ಈ ಒಂದೇ ಹೆಸರು ಹಚ್ಚುತ್ತವೆ. ಮೊದಲನೆಯದು ಮೇಲಂಗಿ: 10/22ರ ಯಂತ್ರವನ್ನು ಅದರ ಮರದ ಸ್ಟಾಕಿನಿಂದ ಬಿಚ್ಚಿ ಜರ್ಮನಿಯ ಮಷಿನ್ ಗನ್ ಎಂಜಿ42, ಥಾಮ್ಸನ್, ಇಲ್ಲವೆ ಎಂ1 ಕಾರ್ಬೈನಿನ ಆಕಾರದ ಚೌಕಟ್ಟಿನೊಳಗೆ ಕೂರಿಸುವುದು. ಎರಡನೆಯದು ಕಿಟ್ಟೇ ಅಲ್ಲ, ಕಾರ್ಖಾನೆಯಿಂದಲೇ .22 ಆಗಿ ಬರುವ ಪೂರ್ತಿ ಪ್ರತಿರೂಪ: ಜರ್ಮನಿಯ ಜಿಎಸ್‌ಜಿಯವರ ಎಂಪಿ40 ಮತ್ತು ಎಸ್‌ಟಿಜಿ44 (ಎರಡನೆಯ ಮಹಾಯುದ್ಧದ ಜರ್ಮನ್ ಕೋವಿಗಳ ರೂಪದವು), ಇಟಲಿಯ ಕಿಯಾಪ್ಪಾದವರ ಎಂ1-22, ಕೋಲ್ಟ್ 1873 ರಿವಾಲ್ವರಿನ ರೂಪದ ಹೆರಿಟೇಜ್ ರಫ್ ರೈಡರ್. ಮೂರನೆಯದು ಕನ್ವರ್ಶನ್ ಯುನಿಟ್: ಅಸಲಿ ಕೋವಿಯ ಮೇಲ್ಭಾಗ ತೆಗೆದು .22ರ ನಳಿಗೆ, ಸ್ಲೈಡು, ಮ್ಯಾಗಜಿನ್ ಹಾಕುವುದು. ಇದರ ಮಾತು ಕೊನೆಗೆ.

ರಿವಾಲ್ವರ್ ಬಿಟ್ಟರೆ ಮೂರರಲ್ಲೂ ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ, ಸರಳ ಬ್ಲೋಬ್ಯಾಕ್. ತೋಟಾದ ಹಿಂದೆ ಓಡಾಡುವ ಉಕ್ಕಿನ ತುಂಡಾದ ಬೋಲ್ಟಿನ ತೂಕ ಮತ್ತು ಸ್ಪ್ರಿಂಗು, ಇವೆರಡೇ ತೋಟಾ ಕೂರುವ ಚೇಂಬರನ್ನು ಮುಚ್ಚಿ ಹಿಡಿಯುತ್ತವೆ. .22 ಎಲ್‌ಆರ್ (ಲಾಂಗ್ ರೈಫಲ್) ತೋಟಾದ ಒತ್ತಡದ ಮಿತಿ ಚದರ ಇಂಚಿಗೆ 24,000 ಪೌಂಡ್, ಗ್ಯಾರಂಡಿನ ತೋಟಾವಾದ .30-06ರದ್ದು 60,000. 40 ಗ್ರೇನ್ (ಗುಂಡು ತೂಗುವ ಅಳತೆ) ತೂಕದ .22 ಗುಂಡು ನಳಿಗೆಯ ಬಾಯಲ್ಲಿ 130 ಫುಟ್-ಪೌಂಡಿನಷ್ಟು ಶಕ್ತಿ ಹೊತ್ತರೆ, ಗ್ಯಾರಂಡಿನ 150 ಗ್ರೇನಿನ ಗುಂಡು 2,500ರಷ್ಟು ಹೊರುತ್ತದೆ. ಪ್ರತಿರೂಪಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದರೂ ನಡೆಯುವುದು ಇದರಿಂದಲೇ. ಆದರೆ ಆ ಲೋಹದಲ್ಲಿ ಸ್ಕ್ರೂವಿನ ಥ್ರೆಡ್ಡು ಬೇಗ ಹರಿಯುತ್ತದೆ, ಒಡೆದರೆ ಬೆಸುಗೆ ಹಿಡಿಯುವುದಿಲ್ಲ, ಮೇಲಿನ ಕಪ್ಪು ಬಣ್ಣ ಬಣ್ಣವೇ ಹೊರತು ಉಕ್ಕಿಗೆ ಹಿಡಿಸಿದ ಬ್ಲೂಯಿಂಗ್ ಅಲ್ಲ. ಹತ್ತು ವರ್ಷ ಕಳೆದ ಮೇಲೆ ಅಸಲಿಯ ಮೂಲೆಗಳು ಬೆಳ್ಳಗೆ ಹೊಳೆಯುತ್ತವೆ, ಪ್ರತಿರೂಪದ ಮೂಲೆಗಳಲ್ಲಿ ಬೂದು ಚಕ್ಕೆ ಏಳುತ್ತದೆ.

10/22ಕ್ಕೆ ಮೇಲಂಗಿ ತೊಡಿಸುವಾಗ

ಕೆಲಸ ಒಂದು ಗಂಟೆಯದು. ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದೆಳೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿಕೊಳ್ಳಿ. ನಳಿಗೆಯ ಬ್ಯಾಂಡ್ ಇದ್ದರೆ ಅದರ ಸ್ಕ್ರೂ ಸಡಿಲಿಸಿ ಮುಂದಕ್ಕೆ ಜಾರಿಸಿ. ಸ್ಟಾಕಿನ ಕೆಳಗಿನ ಒಂದೇ ಟೇಕ್‌ಡೌನ್ ಸ್ಕ್ರೂ ಬಿಚ್ಚಿ. ಈಗ ಸೇಫ್ಟಿ ಗುಂಡಿಯನ್ನು ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಟ್ಟನಡುವೆ ನಿಲ್ಲಿಸಬೇಕು. ಇಲ್ಲದಿದ್ದರೆ ಗುಂಡಿಯ ತುದಿ ಸ್ಟಾಕಿಗೆ ಸಿಕ್ಕಿ ಯಂತ್ರ ಮೇಲೆ ಬರುವುದಿಲ್ಲ. ಜೋರು ಮಾಡಿ ಎಳೆದವರ ಸ್ಟಾಕಿನ ಅಂಚು ಸಿಗಿಯುವುದು ಇಲ್ಲೇ. ಯಂತ್ರ ಕೈಗೆ ಬಂದ ಕೂಡಲೇ ರಿಸೀವರಿನ (ಬೋಲ್ಟು ಓಡಾಡುವ ಲೋಹದ ಮೈ) ಅಡ್ಡಪಿನ್ನುಗಳ ಕಡೆ ಗಮನವಿರಲಿ. ಅವನ್ನು ಹಿಡಿದಿಟ್ಟದ್ದು ಸ್ಟಾಕಿನ ಗೋಡೆ, ಸ್ಟಾಕಿಲ್ಲದೆ ಓರೆ ಮಾಡಿದರೆ ನೆಲಕ್ಕೆ ಬೀಳುತ್ತವೆ.

ಕಿಟ್ ಬೇರೆ ನಳಿಗೆ ಕೇಳಿದರೆ, ನಳಿಗೆಯ ಕೆಳಗಿನ ವಿ-ಬ್ಲಾಕಿನ ಎರಡು ಅಲೆನ್ ಸ್ಕ್ರೂ ಬಿಚ್ಚಿದರೆ ಅದು ಮುಂದಕ್ಕೆ ಬರುತ್ತದೆ. ಮರಳಿ ಕೂರಿಸುವಾಗ ಒಂದು ಸ್ಕ್ರೂ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ಅರ್ಧರ್ಧ ಸುತ್ತು, ಒಂದಾದ ಮೇಲೆ ಒಂದು. ಒಂದೇ ಕಡೆ ಎಳೆದರೆ ನಳಿಗೆ ಸೊಟ್ಟಗೆ ಕೂತು ಗುರಿ ಪಕ್ಕಕ್ಕೆ ಹೋಗುತ್ತದೆ. ರಿಸೀವರ್ ಅಲ್ಯೂಮಿನಿಯಮ್ಮಿನದು, ಬಲಪ್ರದರ್ಶನದ ಜಾಗವಲ್ಲ.

ಜೋಡಿಸಿ ಮುಗಿದ ಮೇಲೆ ಎದುರಾಗುವ ತೊಂದರೆಗಳು ಹೆಚ್ಚಿನವು ಚೌಕಟ್ಟಿನಿಂದ ಬಂದವು, ರೈಫಲ್ಲಿನವಲ್ಲ. ಚಾರ್ಜಿಂಗ್ ಹ್ಯಾಂಡಲ್ ಚೌಕಟ್ಟಿನ ಕಿಂಡಿಗೆ ಉಜ್ಜುತ್ತಿದ್ದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸು (ಈಡು ಹೋದ ಮೇಲೆ ಉಳಿಯುವ ತೋಟಾದ ಕವಚ) ಬಾಯಲ್ಲೇ ನಿಲ್ಲುತ್ತದೆ. ಉಜ್ಜಿದ ಗುರುತು ಎಲ್ಲಿದೆ ನೋಡಿ, ಅಷ್ಟೇ ಜಾಗವನ್ನು ಅರದಿಂದ ತೀಡಿ, ಹ್ಯಾಂಡಲನ್ನಲ್ಲ, ಚೌಕಟ್ಟನ್ನು. ಕೇಸು ಹೊರಬರುವ ಕಿಂಡಿ ಚಿಕ್ಕದಿದ್ದರೆ ಕೇಸು ಅದರ ಅಂಚಿಗೆ ಬಡಿದು ಒಳಕ್ಕೇ ಮರಳುತ್ತದೆ. ಎಂಜಿ42, ಥಾಮ್ಸನ್ ಕಿಟ್ಟುಗಳಲ್ಲಿ 10 ತೋಟಾದ ಪುಟ್ಟ ರೋಟರಿ ಮ್ಯಾಗಜಿನ್ನನ್ನು ಒಂದು ಉದ್ದನೆಯ ಸುಳ್ಳು ಮ್ಯಾಗಜಿನ್ನಿನೊಳಗೆ ಅಡಗಿಸಿರುತ್ತಾರೆ. ಆ ಹೊದಿಕೆ ಒಂದೆರಡು ಮಿಲಿಮೀಟರ್ ಎತ್ತರವಾದರೂ ಮ್ಯಾಗಜಿನ್ ಕಚ್ಚದೆ ಜೋತು, ಮೊದಲ ಈಡು ಹೋಗಿ ಎರಡನೆಯದು ಹೋಗುವುದಿಲ್ಲ. ಕೊಳ್ಳುವವರು ದೂರುವುದು ತೋಟಾವನ್ನು, ತಪ್ಪು ಮಾತ್ರ ಹೊದಿಕೆಯದು. ಟೇಕ್‌ಡೌನ್ ಸ್ಕ್ರೂ ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಚೌಕಟ್ಟು ಬಿರುಕು ಬಿಡುತ್ತದೆ, ಸಡಿಲ ಬಿಟ್ಟರೆ ಯಂತ್ರ ಒಳಗೆ ಅಲುಗಿ ಗುರಿ ಅಲೆಯುತ್ತದೆ. ಹೊರ ಚೌಕಟ್ಟಿನ ಸಣ್ಣ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಸಾಕು. ಕೆಂಪು ಹಾಕಿದರೆ ಬಿಚ್ಚುವ ದಿನ ಸ್ಕ್ರೂವಿನ ತಲೆಯೇ ಹರಿಯುತ್ತದೆ.

ಒಂದು ವಿಷಯ ಕಟ್ಟುನಿಟ್ಟು. ರೈಫಲ್ಲಿಗೆ ನಳಿಗೆ 16 ಇಂಚು, ಒಟ್ಟು ಉದ್ದ 26 ಇಂಚಿಗೆ ಕಡಿಮೆಯಾಗಬಾರದು. ನಳಿಗೆಯ ಅಳತೆ ಮುಚ್ಚಿದ ಬೋಲ್ಟಿನ ಮುಖದಿಂದ ನಳಿಗೆಯ ತುದಿಗೆ. ಮುಂದೆ ಚಾಚಿದ ತೂತುತೂತಿನ ಅಲಂಕಾರದ ಕೊಳವೆ, ಶಾಶ್ವತವಾಗಿ ಬೆಸೆದಿದ್ದರಷ್ಟೇ ಲೆಕ್ಕಕ್ಕೆ. ಪಿಸ್ತೂಲು ಎಂದು ಮಾರಾಟವಾಗುವ ಗಿಡ್ಡ ಎಂಪಿ40 ಪ್ರತಿರೂಪಕ್ಕೆ ಅಸಲಿಯಂತೆ ಮಡಚುವ ಬಟ್ ಹಾಕಿದ ಕ್ಷಣ ಅದು ಗಿಡ್ಡ ನಳಿಗೆಯ ರೈಫಲ್ ಆಗುತ್ತದೆ, 1934ರ ಎನ್‌ಎಫ್‌ಎ (ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್) ಕಾಯಿದೆಯಡಿ ಮೊದಲೇ ನೋಂದಣಿಯಾಗಬೇಕು. 2026ರ ಜನವರಿಯಿಂದ ಈ ಬಗೆಯದಕ್ಕೆ 200 ಡಾಲರಿನ ತೆರಿಗೆ ಸೊನ್ನೆಯಾಗಿದೆ ನಿಜ, ನೋಂದಣಿ ಹೋಗಿಲ್ಲ. ತೆರಿಗೆ ಹೋದದ್ದನ್ನೇ ಕಾಯಿದೆ ಹೋಯಿತೆಂದು ಓದಿಕೊಂಡವರಿಗೆ ಜೈಲಿನ ದಾರಿ ಹತ್ತಿರ. ಮಷಿನ್ ಗನ್ನಿಗೆ ಆ 200 ಡಾಲರ್ ಈಗಲೂ ಇದೆ.

ಪ್ರತಿರೂಪ ಕೊಡದೇ ಇರುವುದು

ಅಸಲಿ ಎಂಪಿ40 ತೆರೆದ ಬೋಲ್ಟಿನಿಂದ ಹಾರುವ ಕೋವಿ. ಟ್ರಿಗರ್ ಒತ್ತಿದಾಗ ಭಾರದ ಬೋಲ್ಟು ಮುಂದಕ್ಕೆ ನುಗ್ಗಿ, ತೋಟಾ ತಳ್ಳಿ, ಅದೇ ಓಟದಲ್ಲಿ ಹೊಡೆಯುತ್ತದೆ. ತೆರೆದ ಬೋಲ್ಟಿನ ಹೊಸ ಅರೆ ಸ್ವಯಂಚಾಲಿತ ಕೋವಿಗಳನ್ನು ಸರಕಾರ 1982ರಿಂದ ಮಷಿನ್ ಗನ್ನಾಗಿಯೇ ಎಣಿಸುವುದರಿಂದ ಪ್ರತಿರೂಪ ಮುಚ್ಚಿದ ಬೋಲ್ಟಿನದು. ಅಂದರೆ ಕೈಗೆ ಗೊತ್ತಾಗುವ ಆ ಧಡಕ್ಕನೆಯ ಮುನ್ನುಗ್ಗು ಇದರಲ್ಲಿ ಇಲ್ಲವೇ ಇಲ್ಲ. ಗ್ಯಾರಂಡಿನ ಎಂಟು ತೋಟಾದ ಕ್ಲಿಪ್ಪು ಕೊನೆಯ ಈಡಿನೊಂದಿಗೆ ಟಣ್ಣೆಂದು ಹಾರುವುದನ್ನೂ ಯಾವ ಮೇಲಂಗಿಯೂ ಕೊಡಲಾರದು. ಎಂ1 ಕಾರ್ಬೈನ್ ಮಾತ್ರ ಸ್ವಲ್ಪ ಬೇರೆ. ಅಸಲಿಯ ಪೆಟ್ಟೂ ಹಗುರ, ತೂಕವೂ ಐದು ಪೌಂಡು ಚಿಲ್ಲರೆ. .22 ಪ್ರತಿರೂಪ ಎತ್ತಿ ಹಿಡಿದಾಗ ಮೋಸ ಅನ್ನಿಸುವುದು ಅತಿ ಕಡಿಮೆ ಇದರಲ್ಲೇ.

ಕೋಲ್ಟ್ 1873ರ ಪ್ರತಿರೂಪಗಳಲ್ಲಿ ಉಲ್ಟಾ. ರಫ್ ರೈಡರಿನ ಪಕ್ಕದಲ್ಲಿ ಒಂದು ಸೇಫ್ಟಿ ಸನ್ನೆ ಇದೆ, ಅಸಲಿಯಲ್ಲಿ ಇಲ್ಲ. ಕಣ್ಣಿಗೆ ಅದು ಕಸ. ಆದರೆ ಅಸಲಿಯ ಸುತ್ತಿಗೆ ತೋಟಾದ ಮೇಲೇ ಒರಗಿ ಕೂರುವುದರಿಂದ ಆರರಲ್ಲಿ ಐದನ್ನೇ ತುಂಬಬೇಕು: ಒಂದು ತುಂಬಿ, ಒಂದು ಬಿಟ್ಟು, ನಾಲ್ಕು ತುಂಬಿ, ಸುತ್ತಿಗೆ ಪೂರ್ತಿ ಎಳೆದು ಮೆಲ್ಲನೆ ಇಳಿಸಿದರೆ ಅದು ಖಾಲಿ ಮನೆಯ ಮೇಲೆ ಬರುತ್ತದೆ. .22ರಲ್ಲೂ ಇದೇ ಅಭ್ಯಾಸ ಇಟ್ಟುಕೊಂಡರೆ ಮುಂದೆ ಅಸಲಿ ಕೈಗೆ ಬಂದಾಗ ಕಾಪಾಡುತ್ತದೆ. ಇಂಥ ರಿವಾಲ್ವರುಗಳ ಜೊತೆ .22 ಮ್ಯಾಗ್ನಮ್ಮಿನ ಇನ್ನೊಂದು ಸಿಲಿಂಡರ್ ಬಂದಿದ್ದರೆ, ಅದರಲ್ಲಿ ಎಲ್‌ಆರ್ ತೋಟಾ ಹಾಕಬೇಡಿ. ಮ್ಯಾಗ್ನಮ್ಮಿನ ಕೇಸು ದಪ್ಪ. ಆ ಮನೆಯಲ್ಲಿ ಎಲ್‌ಆರ್ ಸಡಿಲವಾಗಿ ಕೂತು ಕೇಸು ಸಿಗಿಯುತ್ತದೆ.

ರಿಮ್‌ಫೈರಿನ ತೋಟಾಕ್ಕೆ ಅದರದೇ ಗುಣದೋಷಗಳಿವೆ. ಸಿಡಿಯುವ ಮಸಾಲೆ ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರಬೇಕು. ಒಂದು ಕಡೆ ತೆಳುವಾಗಿದ್ದು ಪಿನ್ ಅಲ್ಲೇ ಬಡಿದರೆ ಈಡು ಹಾರದು. ಹಾಗಾದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಿರಿ, ಆಮೇಲೆ ಹೊರತೆಗೆಯಿರಿ. ‘ಟುಸ್’ ಎಂದು ಸಪ್ಪೆ ಸದ್ದು ಬಂದರೆ ಮುಂದಿನ ಈಡು ಬೇಡ, ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಖಾಲಿ ಚೇಂಬರಿನಲ್ಲಿ ಟ್ರಿಗರ್ ಒತ್ತುವ ಆಟ ಬಹಳಷ್ಟು .22ಗಳಿಗೆ ಆಗದು. ಪಿನ್ ನೇರ ಚೇಂಬರಿನ ಅಂಚಿಗೆ ಬಡಿದು ಉಕ್ಕು ತಗ್ಗುತ್ತದೆ, ಆಮೇಲೆ ಕೇಸು ಅಲ್ಲೇ ಕಚ್ಚುತ್ತದೆ. ಪ್ರತಿರೂಪಗಳು ತೋಟಾದ ವಿಷಯದಲ್ಲಿ ಇನ್ನಷ್ಟು ಹಟಮಾರಿಗಳು. ಬೋಲ್ಟು ಭಾರವಿದ್ದರೆ ನಿಧಾನಗತಿಯ ತೋಟಾ ಅದನ್ನು ಪೂರ್ತಿ ಹಿಂದೆ ತಳ್ಳಲಾರದು. 40 ಗ್ರೇನಿನ ಹೈ ವೆಲಾಸಿಟಿ ತೋಟಾದಿಂದ ಶುರುಮಾಡಿ, ಮೊದಲ ಕೆಲವು ನೂರು ಈಡಿನವರೆಗೆ ಬೇರೆ ತೀರ್ಮಾನ ಬೇಡ.

ಖರ್ಚಿನಲ್ಲಿ ಪೈಪೋಟಿಯೇ ಇಲ್ಲ. ಒಂದು .22 ಈಡು ಹತ್ತು ಸೆಂಟಿನ ಆಸುಪಾಸು, .30-06 ಒಂದು ಡಾಲರಿನ ಮೇಲೆ. ಸೆಂಟರ್‌ಫೈರ್ (ಪಿನ್ ತಳದ ನಡುವೆ ಬಡಿಯುವ ತೋಟಾದ) ಕೇಸನ್ನು ಮನೆಯಲ್ಲಿ ಮತ್ತೆ ತುಂಬಬಹುದು, .22ರದ್ದು ಒಂದೇ ಜನ್ಮ.

ಅಸಲಿಯನ್ನು ಹೇಗೆ ನೋಡಬೇಕು

ಪ್ರತಿರೂಪ ಕೊಂಡ ದಿನವೇ ಹಳೆಯ ಸಾಮಾನಾಗಿ ಬೆಲೆ ಕಳೆದುಕೊಳ್ಳುತ್ತದೆ. ಅಸಲಿ ಹಾಗಲ್ಲ, ಆದರೆ ಕೊಳ್ಳುವಾಗ ಕಣ್ಣು ತಪ್ಪಿದರೆ ನಷ್ಟ ಅದರಲ್ಲೇ ದೊಡ್ಡದು. ಕೆಲವು ಕೋವಿಗಳಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ಸ್ಪ್ರಿಂಗ್‌ಫೀಲ್ಡ್ 1903ರಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ, ರಾಕ್ ಐಲೆಂಡ್ ಕಾರ್ಖಾನೆಯ 2,85,507ಕ್ಕಿಂತ ಕೆಳಗಿನ ನಂಬರಿನ ರಿಸೀವರುಗಳನ್ನು ಹದ ಮಾಡುವಾಗ ಕೆಲವು ಅತಿಯಾಗಿ ಕಾದು ಗಾಜಿನಂತೆ ಪೆಡಸಾಗಿವೆ. ಯಾವುದು ಒಳ್ಳೆಯದು ಯಾವುದು ಕೆಟ್ಟದು ಎಂದು ಹೊರಗಿನಿಂದ ಹೇಳಲು ಬಾರದು. ಹಾಗಾಗಿ ಆ ನಂಬರಿನವು ಗೋಡೆಗೆ ಮಾತ್ರ.

ಗ್ಯಾರಂಡಿನ ದುರ್ಬಲ ಜಾಗ, ಅನಿಲದ ಒತ್ತಡವನ್ನು ಬೋಲ್ಟಿಗೆ ಮುಟ್ಟಿಸುವ ಆಪರೇಟಿಂಗ್ ರಾಡ್. ಭಾರದ ಗುಂಡಿನ, ನಿಧಾನ ಉರಿಯುವ ಮದ್ದಿನ ಬೇಟೆಯ ತೋಟಾ ಹಾಕಿದರೆ ಗ್ಯಾಸ್ ಕಿಂಡಿಯ ಬಳಿ ಒತ್ತಡ ಹೆಚ್ಚಾಗಿ ರಾಡ್ ಬಾಗುತ್ತದೆ. ಸೇನೆಯ ಎಂ2 ಬಾಲ್ ತೋಟಾದ ಹದದ 150 ಗ್ರೇನಿನ ತೋಟಾವೇ ಅದಕ್ಕೆ ಸರಿ. ಕೊಳ್ಳುವಾಗ ನಳಿಗೆಯ ಎರಡು ತುದಿಗಳ ಸವೆತ ಅಳೆಯುವ ಥ್ರೋಟ್ ಗೇಜು, ಮಜಲ್ ಗೇಜು ಹಾಕಿ ತೋರಿಸಲು ಕೇಳಿ, ಅಂಕಿ ಕಡಿಮೆ ಇದ್ದಷ್ಟೂ ನಳಿಗೆ ಕಡಿಮೆ ಸವೆದಿದೆ. ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಮ್ ಗ್ಯಾರಂಡುಗಳನ್ನು ದರ್ಜೆ ಹಚ್ಚಿ ಮಾರುತ್ತದೆ. ಮೊದಲ ಬಾರಿ ಕೊಳ್ಳುವವರು ಸಂತೆಯ ಮೇಜಿಗಿಂತ ಅಲ್ಲಿಂದ ಶುರುಮಾಡುವುದು ಮೇಲು.

ಎಂ1 ಕಾರ್ಬೈನಿನಲ್ಲಿ ‘ಎಲ್ಲ ಭಾಗವೂ ಮೂಲದ್ದೇ’ ಎಂಬ ಮಾತನ್ನು ಅನುಮಾನದಿಂದಲೇ ಕೇಳಿ. ಇನ್‌ಲ್ಯಾಂಡ್, ಅಂಡರ್‌ವುಡ್, ಐಬಿಎಂ, ಜೂಕ್‌ಬಾಕ್ಸ್ ಮಾಡುತ್ತಿದ್ದ ರಾಕ್-ಓಲಾ ಹೀಗೆ ಹಲವರು ಸೇರಿ 60 ಲಕ್ಷಕ್ಕೂ ಹೆಚ್ಚು ಮಾಡಿದರು. ಯುದ್ಧದ ನಂತರ ಸೇನೆಯೇ ಅವನ್ನು ಬಿಚ್ಚಿ, ಭಾಗ ಬೆರೆಸಿ, ಹೊಂದಿಸಬಹುದಾದ ಸೈಟು, ಬಯೊನೆಟ್ಟಿನ ಬ್ಯಾಂಡು, ತಿರುಗುವ ಸೇಫ್ಟಿ ಹಾಕಿ ಮರಳಿ ಜೋಡಿಸಿತು. ಆ ಬೆರಕೆಯೇ ಅದರ ನಿಜವಾದ ಚರಿತ್ರೆ. ಯುದ್ಧಕಾಲದ ಸ್ಥಿತಿಯಲ್ಲೇ ಇದೆ ಎಂದು ಹೆಚ್ಚು ಬೆಲೆ ಹೇಳುವ ಕಾರ್ಬೈನನ್ನು ಯಾರೋ ಇತ್ತೀಚೆಗೆ ಭಾಗ ಹುಡುಕಿ ಜೋಡಿಸಿರುವ ಸಂಭವ ದೊಡ್ಡದು. ತೋಟಾ ಸಿಕ್ಕಿಕೊಳ್ಳುವ ಕಾರ್ಬೈನಿನಲ್ಲಿ ಮೊದಲು ಬದಲಿಸಬೇಕಾದ್ದು ಮ್ಯಾಗಜಿನ್, ಆಮೇಲೆ ಸ್ಪ್ರಿಂಗು.

ಲೂಗರ್ ಪಿಸ್ತೂಲಿನ ಚಿಕ್ಕಚಿಕ್ಕ ಭಾಗಗಳ ಮೇಲೂ ನಂಬರು ಕೊರೆದಿರುತ್ತದೆ. ಎಲ್ಲ ಹೊಂದುವ ಪಿಸ್ತೂಲಿನಲ್ಲಿ ಈಡು ಹೊಡೆಯುವಾಗ ಒಂದು ಎಕ್ಸ್‌ಟ್ರಾಕ್ಟರ್ (ಕೇಸು ಎಳೆಯುವ ಕೊಕ್ಕೆ) ಮುರಿಯಿತೆಂದರೆ ಹೊಸ ಭಾಗ ಸಿಗುತ್ತದೆ, ಹೋದ ಬೆಲೆ ಸಿಗುವುದಿಲ್ಲ. ಹೊಡೆಯಲು ನಂಬರು ಹೊಂದದ ಲೂಗರ್ ಕೊಳ್ಳಿ, ಅಗ್ಗವೂ ಹೌದು. ಕೋಲ್ಟ್ ಸಿಂಗಲ್ ಆಕ್ಷನ್ (ಅದೇ 1873ರ ರಿವಾಲ್ವರ್) ಮೊದಲ ಪೀಳಿಗೆಯದಾದರೆ ನಂಬರು ನೋಡಿ. ಹೊಗೆರಹಿತ ಮದ್ದಿಗೆ ಕಾರ್ಖಾನೆ ಭರವಸೆ ಕೊಟ್ಟದ್ದು 1900ರ ಹೊತ್ತಿಗೆ, ನಂಬರು ಸುಮಾರು 1,92,000 ದಾಟಿದ ಮೇಲೆ. ಅದಕ್ಕೂ ಹಿಂದಿನವಕ್ಕೆ ಕಪ್ಪು ಮದ್ದು ಬಿಟ್ಟು ಬೇರೆ ಹಾಕಬಾರದು.

ಎಲ್ಲದಕ್ಕೂ ಅನ್ವಯಿಸುವ ಎರಡು ಮಾತು. ಹಳೆಯ ಬೋಲ್ಟ್ ರೈಫಲ್ಲಿನ ಬೋಲ್ಟಿನ ನಂಬರು ರಿಸೀವರಿಗೆ ಹೊಂದದಿದ್ದರೆ ಮೊದಲ ಈಡಿಗೆ ಮುಂಚೆ ಮುಚ್ಚಿದ ಬೋಲ್ಟಿನ ಮುಂದೆ ತೋಟಾಕ್ಕೆ ಉಳಿಯುವ ಜಾಗ ಅಳೆಯುವ ಗೋ ಮತ್ತು ನೋ-ಗೋ ಗೇಜು ಹಾಕಿಸಿ. ನೋ-ಗೋ ಮೇಲೆ ಬೋಲ್ಟು ಮುಚ್ಚಿದರೆ ಗನ್‌ಸ್ಮಿತ್ ಕೈಗೆ ಕೊಡಿ. ಇನ್ನು ಹಳೆಯ ಸೇನಾ ತೋಟಾದ ಪ್ರೈಮರಿನಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇದ್ದರೆ ಹೊಡೆದಾದ ಮೇಲೆ ನಳಿಗೆಯಲ್ಲಿ ಉಳಿಯುವುದು ಉಪ್ಪು. ಎಣ್ಣೆ ಉಪ್ಪನ್ನು ಕರಗಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೇ. ಅದೇ ದಿನ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಮೈಯ ಬಣ್ಣ ಮಾಸಿದೆಯೆಂದು ಹೊಸದಾಗಿ ಬ್ಲೂಯಿಂಗ್ ಮಾಡಿಸುವುದು, ಮರ ಉಜ್ಜಿ ಮುದ್ರೆ ಅಳಿಸುವುದು, ಇವೆರಡರಿಂದ ಹಾಳಾದಷ್ಟು ಕೋವಿಗಳು ತುಕ್ಕಿನಿಂದಲೂ ಆಗಿಲ್ಲವೇನೋ.

ಕಾಗದಪತ್ರ

ಇಲ್ಲಿ ವಯಸ್ಸಿಗೆ ಬೆಲೆ ಇದೆ, ರೂಪಕ್ಕಿಲ್ಲ. 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದದ್ದು ಫೆಡರಲ್ ಕಾನೂನಿನಲ್ಲಿ ಆಂಟಿಕ್. ಅದರ ಪ್ರತಿರೂಪಕ್ಕೂ ಆ ರಿಯಾಯಿತಿ ಸಿಗಬಹುದು, ಆದರೆ ಇಂದು ಅಂಗಡಿಯಲ್ಲಿ ಸಿಗುವ ರಿಮ್‌ಫೈರ್ ಅಥವಾ ಸೆಂಟರ್‌ಫೈರ್ ತೋಟಾ ಹಾರಿಸುವಂತಿದ್ದರೆ ಇಲ್ಲ. ಆದ್ದರಿಂದ 1873ರ ಆಕಾರದ ಹೊಸ .22 ರಿವಾಲ್ವರ್ ಎಲ್ಲ ಲೆಕ್ಕದಲ್ಲೂ ಆಧುನಿಕ ಆಯುಧವೇ. 50 ವರ್ಷ ದಾಟಿದ ಮೂಲ ಕೋವಿಗಳಿಗೆ ಸಂಗ್ರಾಹಕರ ಲೈಸೆನ್ಸ್ ಇದೆ: ಟೈಪ್ 03, ಮೂರು ವರ್ಷಕ್ಕೆ 30 ಡಾಲರ್. ಬೇರೆ ರಾಜ್ಯದಿಂದ ಕೊಂಡದ್ದೂ ನೇರ ಮನೆಗೆ ಬರುತ್ತದೆ, ಕೊಂಡದ್ದು-ಕೊಟ್ಟದ್ದರ ಪುಸ್ತಕ ಇಡಬೇಕು. ಆ ವ್ಯಾಖ್ಯಾನದಲ್ಲಿ ‘ಪ್ರತಿರೂಪಗಳನ್ನು ಬಿಟ್ಟು’ ಎಂದು ಸ್ಪಷ್ಟವಾಗಿಯೇ ಇದೆ. ರಾಜ್ಯದ ನಿಯಮಗಳು ಬೇರೆ ಕಥೆ. ಕ್ಯಾಲಿಫೋರ್ನಿಯದಲ್ಲಿ ಅಸಾಲ್ಟ್ ರೈಫಲ್ಲಿನ ಲಕ್ಷಣಗಳ ಪಟ್ಟಿ ಸೆಂಟರ್‌ಫೈರಿಗೆ ಅನ್ವಯಿಸುವಂಥದ್ದು, ರಿಮ್‌ಫೈರ್ ರೈಫಲ್ಲಿಗಲ್ಲ. ಎಲ್ಲ ಕಡೆ ಹಾಗಿಲ್ಲ.

ಮರೆತುಹೋಗುವ ಮೂರನೆಯ ದಾರಿ

ರಿಮ್‌ಫೈರ್ ಅಂದರೆ ನಕಲು, ಸೆಂಟರ್‌ಫೈರ್ ಅಂದರೆ ಅಸಲಿ ಎಂಬ ನಂಬಿಕೆ ಬುಡದಲ್ಲೇ ಸರಿಯಿಲ್ಲ. .22 ಶಾರ್ಟ್ ತೋಟಾ ಬಂದದ್ದು 1857ರಲ್ಲಿ, ಸ್ಮಿತ್ ಆಂಡ್ ವೆಸನ್ನಿನ ಪುಟ್ಟ ರಿವಾಲ್ವರಿಗೆ. 1860ರ ಹೆನ್ರಿ ರೈಫಲ್ ಹಾರಿಸುತ್ತಿದ್ದದ್ದು .44 ರಿಮ್‌ಫೈರ್. ಇಂದು ಇಟಲಿಯ ಉಬರ್ಟಿಯವರು ಮಾಡುವ ಹೆನ್ರಿ ಪ್ರತಿರೂಪ .44-40, .45 ಕೋಲ್ಟ್‌ನಂಥ ಸೆಂಟರ್‌ಫೈರ್ ತೋಟಾದ್ದು. ಅಲ್ಲಿ ಅಸಲಿಯೇ ರಿಮ್‌ಫೈರ್, ನಕಲೇ ಸೆಂಟರ್‌ಫೈರ್!

ಹಾಗಾಗಿ ಹೆಚ್ಚಿನವರಿಗೆ ನಮ್ಮ ಸಲಹೆ ಅಸಲಿ ಹಳೆಯ .22. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1890 ಪಂಪ್ ರೈಫಲ್, 1915ರಿಂದ ಬಂದ ಕೋಲ್ಟ್ ವುಡ್ಸ್‌ಮನ್ ಪಿಸ್ತೂಲು, ಸೈನಿಕರಿಗೆ ಕಲಿಸಲೆಂದೇ ಮಾಡಿದ ಸ್ಪ್ರಿಂಗ್‌ಫೀಲ್ಡ್ ಎಂ1922, ಬ್ರಿಟನ್ನಿನ ಲೀ-ಎನ್‌ಫೀಲ್ಡ್ ನಂ. 8, ಸೋವಿಯತ್ ಟೋಜ್-8, ಮಾಸ್‌ಬರ್ಗ್ 44ಯುಎಸ್. ಉಕ್ಕು ಮತ್ತು ಮರ, ಆ ಕಾಲದ ಕೈಕೆಲಸ, ಮೇಲೆ ಹತ್ತು ಸೆಂಟಿನ ತೋಟಾ. ಎಂ1922, ನಂ. 8ರಂಥ ತರಬೇತಿ ರೈಫಲ್ಲುಗಳ ತೂಕ, ಸೈಟು, ಹಿಡಿತ ದೊಡ್ಡ ರೈಫಲ್ಲಿಗೆ ಹೋಲುವಂತೆ ಸೇನೆಯೇ ಮಾಡಿಸಿದ್ದು. ಯಾವ ಕಿಟ್ಟಿಗೂ ಅಂಥ ನಂಟಿಲ್ಲ.

1890 ಕೊಳ್ಳುವಾಗ ನಳಿಗೆಯ ಮೇಲಿನ ಗುರುತು ಓದಲೇಬೇಕು. ಶಾರ್ಟ್, ಲಾಂಗ್, ಎಲ್‌ಆರ್, ಡಬ್ಲ್ಯೂಆರ್‌ಎಫ್ (ವಿಂಚೆಸ್ಟರ್ ರಿಮ್‌ಫೈರ್) ಪೈಕಿ ಒಂದೊಂದು ರೈಫಲ್ ಒಂದೊಂದಕ್ಕೇ. ಡಬ್ಲ್ಯೂಆರ್‌ಎಫ್ ಚೇಂಬರಿನಲ್ಲಿ ಎಲ್‌ಆರ್ ಹಾಕಿದರೆ ಕೇಸು ಸೀಳುತ್ತದೆ. ಶಾರ್ಟ್ ತೋಟಾವನ್ನೇ ವರ್ಷಗಟ್ಟಲೆ ಹೊಡೆದ ಎಲ್‌ಆರ್ ಚೇಂಬರಿನೊಳಗೆ ಒಂದು ಉಂಗುರದಂಥ ಸವೆತ ಇರುತ್ತದೆ, ಕೇಸು ಅಲ್ಲಿ ಕಚ್ಚಿಕೊಳ್ಳುತ್ತದೆ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಇಡೀ ನಳಿಗೆ ಹೊಳೆಯುತ್ತಿದ್ದು ಒಂದೇ ಕಡೆ ಕಪ್ಪು ಬಳೆ ಕಂಡರೆ ಎಂದೋ ಸಿಕ್ಕ ಗುಂಡಿನ ಮೇಲೆ ಇನ್ನೊಂದು ಈಡು ಹೊಡೆದು ನಳಿಗೆ ಉಬ್ಬಿದೆ.

ಕನ್ವರ್ಶನ್ ಯುನಿಟ್ ಬೇಕೆನ್ನುವವರು ಮೊದಲು ನೋಡಬೇಕಾದದ್ದು 1938ರ ಕೋಲ್ಟ್ ಯುನಿಟ್. .45ರ 1911 ಪಿಸ್ತೂಲಿನ ಫ್ರೇಮಿನ ಮೇಲೆ ಕೂರುವ ಇದರೊಳಗೆ ಡೇವಿಡ್ ವಿಲಿಯಮ್ಸ್‌ನ ತೇಲುವ ಚೇಂಬರ್ ಇದೆ. ಎಂ1 ಕಾರ್ಬೈನಿನ ಶಾರ್ಟ್ ಸ್ಟ್ರೋಕ್ ಪಿಸ್ಟನ್ನೂ ಅದೇ ವಿಲಿಯಮ್ಸ್‌ನದು. ಅನಿಲ ಚೇಂಬರಿನ ಮುಂಭಾಗಕ್ಕೂ ಒತ್ತಿ ಅದನ್ನೇ ಹಿಂದಕ್ಕೆ ತಳ್ಳುವುದರಿಂದ .22 ತೋಟಾವೂ ಭಾರದ ಸ್ಲೈಡನ್ನು ಹಿಂದೆ ಹಾಕಿ, ಕೈಗೆ ಸಾಕಷ್ಟು ಪೆಟ್ಟು ಕೊಡುತ್ತದೆ. ಅದರ ಬೆಲೆ ಸೀಸದಲ್ಲಿ ತೆರಬೇಕು: ತೇಲುವ ಚೇಂಬರಿನ ಸುತ್ತ ಸೀಸ, ಮಸಿ ಗಟ್ಟಿ ಕಚ್ಚಿ ಕೊನೆಗೆ ಅದು ತೇಲುವುದನ್ನೇ ನಿಲ್ಲಿಸುತ್ತದೆ. ಹೊಡೆದ ದಿನವೇ ಬಿಚ್ಚಿ ಸಾಲ್ವೆಂಟಿನಲ್ಲಿ ನೆನೆಹಾಕಿ, ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ. ವರ್ಷಗಳಿಂದ ಕಚ್ಚಿಕೊಂಡ ಚೇಂಬರನ್ನು ಇಕ್ಕಳ ಹಾಕಿ ತಿರುಗಿಸಬೇಡಿ. ಒಂದು ರಾತ್ರಿ ಪೂರ್ತಿ ಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಮರದ ಕಡ್ಡಿಯಿಂದ ತಳ್ಳಿ ನೋಡಿ.